ಚೀನಾ ಸಿನಿಮಾದ ಕಥೆ ಬರೆದವಳು

ಚೀನಾ ದೇಶದ ಸಿನಿಮಾವನ್ನು ನಾನು ಮೊದಲು ನೋಡಿದ್ದು ಮಧುಗಿರಿಯ ಒಂದು ಕಡಲೆಕಾಯಿ ಗೋದಾಮಿನಲ್ಲಿ. ಐವತ್ತರ ದಶಕದ ನಡುಭಾಗ. ಚೀನಾದವರೂ ನಾವೂ ಅಣ್ಣತಮ್ಮಂದಿರು ಎಂದು ಶಾಲೆಯ ಮಕ್ಕಳಿಂದ ಹೇಳಿಸುತ್ತಿದ್ದ ಕಾಲ. ಎರಡು ದೇಶಗಳ ಸ್ನೇಹ ಬೆಳೆಸಲು ಹುಟ್ಟಿಕೊಂಡಿದ್ದ ಸಂಘವೊಂದರವರು ಬೆಂಗಳೂರಿನಿಂದ ವ್ಯಾನಿನಲ್ಲಿ ಪ್ರೊಜೆಕ್ಟರ್ ತಂದಿದ್ದರು. ಊರಿನ ಟೆಂಟ್ ಸಿನಿಮಾದಲ್ಲಿ ಹಗಲು ಹೊತ್ತು ಆಟ ಆಡಿಸುವುದಕ್ಕೆ ಆಗುತ್ತಿರಲಿಲ್ಲ, ಬೆಳಕು ನುಗ್ಗುತ್ತಿತ್ತು. ಹಾಗಾಗಿ ಮಂಡಿಯವರೊಬ್ಬರು ತಮ್ಮ ಗೋದಾಮು ಬಿಟ್ಟುಕೊಟ್ಟರು. ಕಿಟಕಿಗಳಿಗೆ ಗೋಣಿಚೀಲ ಹೊಡೆದು, ಸುಣ್ಣದ ಗೋಡೆಯ ಮೇಲೆಯೇ ಚಿತ್ರ ಬಿಟ್ಟರು. ನಮ್ಮ ಶಾಲೆಯ ಹೆಣ್ಣುಮಕ್ಕಳು ನೆಲದ ಮೇಲೆ ಕೂತು, ಕಲ್ಲುಚಪ್ಪಡಿಗಳ ಸಂದಿಯಲ್ಲಿ ಸಿಕ್ಕ ಕಡಲೆಕಾಯಿ ಸುಲಿದು ತಿನ್ನುತ್ತಿದ್ದರು.

ನಾನು ಆ ಶಾಲೆಯಲ್ಲಿ ಸಹಾಯಕ ಶಿಕ್ಷಕಿ. ಇಪ್ಪತ್ತೆರಡು ವರ್ಷ. ಪಾವಗಡದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವಳು. ಮನೆಯ ಮಾತು ತೆಲುಗು, ಕನ್ನಡ ಶಾಲೆಯಲ್ಲಿ ಕಲಿತದ್ದು. ಮಾತಾಡುವಾಗ ತೆಲುಗು ನುಸುಳಿದರೆ ಬೇರೆ ಶಿಕ್ಷಕಿಯರು ನಗುತ್ತಿದ್ದರು. ನಗದೆ ಇದ್ದವಳು ಒಬ್ಬಳೇ. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದವಳು, ನನಗಿಂತ ಎರಡು ವರ್ಷ ದೊಡ್ಡವಳು, ನನ್ನ ಹಾಗೆಯೇ ಸಹಾಯಕ ಶಿಕ್ಷಕಿ. ಬೆಟ್ಟದ ಕೆಳಗಿನ ಬೀದಿಯಲ್ಲಿ ಒಂದು ಮನೆಯ ಹಿಂಭಾಗದ ಕೋಣೆಯನ್ನು ಇಬ್ಬರೂ ಸೇರಿ ಬಾಡಿಗೆಗೆ ಹಿಡಿದಿದ್ದೆವು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ನನಗೆ ಟೈಫಾಯ್ಡ್ ಬಂದಾಗ ಊರಿಗೆ ಹೇಳಿ ಕಳಿಸದೆ, ಮೂರು ವಾರ ಗಂಜಿ ಕುಡಿಸಿ, ತಲೆ ಬಾಚಿ, ನನ್ನ ಬಟ್ಟೆ ಒಗೆದವಳು ಅವಳು. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ನಾನು ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ಕೇಳುವವರಿಗೆ ನನ್ನಲ್ಲಿರುವ ಉತ್ತರ ಅದೊಂದೇ.

ಆ ದಿನ ಚಿತ್ರ ಶುರುವಾಯಿತು. ಮಾತು ಚೀನೀ ಭಾಷೆಯದು. ಕೆಳಗೆ ಇಂಗ್ಲಿಷ್ ಅಕ್ಷರಗಳು ಬಂದು ಹೋಗುತ್ತಿದ್ದವು. ಮಕ್ಕಳು ಗಲಾಟೆ ಎಬ್ಬಿಸಿದರು. ಹೆಡ್‌ಮಿಸ್ಟ್ರೆಸ್ ನನ್ನ ಕಡೆ ತಿರುಗಿ, "ನಿಂಗೆ ಇಂಗ್ಲಿಷ್ ಬರ್ತೈತಲ್ಲಮ್ಮ, ಹೋಗಿ ಓದಿ ಹೇಳು" ಎಂದರು. ನಾನು ಗೋಡೆಯ ಪಕ್ಕ ನಿಂತು ಓದಿ ಓದಿ ಕನ್ನಡದಲ್ಲಿ ಹೇಳತೊಡಗಿದೆ. ನೀರಿಲ್ಲದ ಒಂದು ಹಳ್ಳಿ. ಅತ್ತೆ ಸೊಸೆ ಇಬ್ಬರೇ ಬಾವಿ ತೋಡುವ ಕಥೆ. ಅಕ್ಷರಗಳು ನನಗಿಂತ ಬೇಗ ಓಡುತ್ತಿದ್ದವು. ಅರ್ಧ ಓದಿ, ಉಳಿದರ್ಧವನ್ನು ಅತ್ತೆಯ ಮುಖ ನೋಡಿ ಹೇಳಿದೆ. ಕೊನೆಗೆ ಅತ್ತೆ ಹಗ್ಗ ಕೆಳಗಿಟ್ಟು ಸೊಸೆಯ ಕೈಯ ಬೊಬ್ಬೆಗಳನ್ನು ಸವರಿದಾಗ ಗೋದಾಮಿನ ತುಂಬ ಮೂಗು ಸೇದುವ ಸದ್ದು.

ಮನೆಗೆ ನಡೆದು ಬರುವಾಗ ಅಕ್ಕ ಕೇಳಿದಳು. "ಅರ್ಧ ನೀನೇ ಕಟ್ಟಿ ಹೇಳ್ದೆ ಅಲ್ವೇನೆ?"

"ಅಕ್ಷರ ನಿಲ್ಲಲ್ಲ ಅಕ್ಕ, ಓಡೋಗ್ತವೆ."

"ಇರ್ಲಿ ಬುಡು. ನನ್ ಕಣ್ಣಲ್ಲೂ ನೀರ್ ಬಂತು ಕಣೆ."

ಅಂದಿನಿಂದ ನನಗೆ ಆ ದೇಶದ ಸಿನಿಮಾದ ಹುಚ್ಚು ಹಿಡಿಯಿತು. ನೋಡುವುದಕ್ಕೆ ಮತ್ತೆ ಸಿಗುವಂತಿರಲಿಲ್ಲ, ಓದುವುದಕ್ಕೆ ಸಿಕ್ಕಿತು. ನಮ್ಮ ಶಾಲೆಯ ರಿಜಿಸ್ಟರುಗಳಿಗೆ ಸಿರಾದಲ್ಲಿ ಬೈಂಡು ಹಾಕಿಸುತ್ತಿದ್ದರು. ಆ ಕೆಲಸಕ್ಕೆ ಬಸ್ಸು ಹತ್ತಿ ಹೋಗುತ್ತಿದ್ದವಳು ನಾನು. ಬೈಂಡಿಂಗ್ ಅಂಗಡಿಯವರು ವಯಸ್ಸಾದ ಸಾಹೇಬರು. ಬೆಂಗಳೂರಿನಿಂದ ಅವರಿಗೆ ರದ್ದಿ ಕಾಗದದ ಮೂಟೆಗಳು ಬರುತ್ತಿದ್ದವು. ಒಂದು ಸಲ ಅದರಲ್ಲಿ ಚೀನಾದಿಂದ ಬರುತ್ತಿದ್ದ ಇಂಗ್ಲಿಷ್ ಸಚಿತ್ರ ಮಾಸಿಕಗಳ ಕಟ್ಟು ಇತ್ತು. ನುಣುಪಾದ ದಪ್ಪ ಕಾಗದ, ಬಣ್ಣದ ಚಿತ್ರಗಳು. ರಟ್ಟಿಗೆ ಅಂಟಿಸಲು ಒಳ್ಳೆಯದೆಂದು ಸಾಹೇಬರು ತರಿಸಿಕೊಂಡಿದ್ದರು. ನಾನು ನಿಂತಲ್ಲೇ ಓದುವುದನ್ನು ಕಂಡು ಸ್ಟೂಲು ಎಳೆದು ಕೊಟ್ಟರು.

"ಕೂತ್ಕೊಳ್ಳಿ ಟೀಚರಮ್ಮ. ನಮ್ಗೆ ಇದ್ರಲ್ಲಿ ಕಾಗ್ದ ಮಾತ್ರ ಬೇಕು. ಓದೋ ಮಾಲು ಏನೈತೆ ಅದು ನೀವು ತಗೊಳ್ಳಿ."

ಆಮೇಲೆ ಸಿನಿಮಾದ ಪುಟಗಳನ್ನು ಅವರೇ ಕತ್ತರಿಸದೆ ಎತ್ತಿಡುತ್ತಿದ್ದರು. ನಾನು ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಓದಿದೆ.

ಓದಿದ್ದರಲ್ಲಿ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಒಂದು ಪದ. ಚೀನೀ ಮಾತಿನಲ್ಲಿ ಸಿನಿಮಾಕ್ಕೆ ಕರೆಂಟಿನ ನೆರಳು ಎನ್ನುತ್ತಾರಂತೆ. ಅವರಲ್ಲಿ ತೊಗಲು ಬೊಂಬೆಯಾಟ ಹಿಂದಿನಿಂದ ಇತ್ತು. ದೀಪದ ಮುಂದೆ ಚರ್ಮದ ಬೊಂಬೆ ಹಿಡಿದು ಪರದೆಯ ಮೇಲೆ ನೆರಳು ಆಡಿಸುವುದು. ಪರದೇಶದಿಂದ ಸಿನಿಮಾ ಯಂತ್ರ ಬಂದು ಶಾಂಘೈ ನಗರದ ಚಹಾ ತೋಟಗಳಲ್ಲಿ ಚಿತ್ರ ಬಿಟ್ಟಾಗ ಜನ ಅದನ್ನು ತಮಗೆ ಗೊತ್ತಿದ್ದ ನೆರಳಿನ ಹೆಸರಿನಿಂದಲೇ ಕರೆದರು. ನಮ್ಮ ಊರಿಗೂ ಆಂಧ್ರದ ಕಡೆಯಿಂದ ತೊಗಲು ಬೊಂಬೆಯವರು ಬರುತ್ತಿದ್ದರು. ಪಂಚೆ ಬಿಗಿದು ಕಟ್ಟಿ, ಹಿಂದೆ ಹರಳೆಣ್ಣೆ ದೀಪ ಇಡುತ್ತಿದ್ದರು. ನಮ್ಮಜ್ಜಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಚೂಡವೇ, ನೀಡಕಿ ಪ್ರಾಣಂ ವಚ್ಚಿಂದಿ" ಎನ್ನುತ್ತಿದ್ದಳು. ನೋಡೇ, ನೆರಳಿಗೆ ಜೀವ ಬಂತು ಎಂದು. ಸಾವಿರಾರು ಮೈಲಿ ದೂರದಲ್ಲಿ ಯಾರೋ ನಮ್ಮಜ್ಜಿಯ ಮಾತನ್ನೇ ಆಡಿದ್ದರೆನಿಸಿ, ಅಂಗಡಿಯ ಸ್ಟೂಲಿನ ಮೇಲಿಂದಲೇ ಸಾಹೇಬರಿಗೆ ಅಜ್ಜಿಯ ವಿಷಯ ಹೇಳಿದೆ.

ಉಳಿದ ಕಥೆಯೂ ಹೀಗೆಯೇ ತುಣುಕು ತುಣುಕಾಗಿ ಸಿಕ್ಕಿತು. ಅವರ ಮೊದಲ ಚಿತ್ರ ತೆಗೆದದ್ದು ಪೀಕಿಂಗಿನ ಒಂದು ಫೋಟೋ ಅಂಗಡಿಯವರು. ಅಂಗಳದಲ್ಲಿ ಬಿಸಿಲಿಗೆ ಬಟ್ಟೆ ಕಟ್ಟಿ, ಹೆಸರಾಂತ ಸಂಗೀತ ನಾಟಕದ ನಟನೊಬ್ಬನನ್ನು ಕುಣಿಸಿ ಹಿಡಿದದ್ದು. ಮೊದಮೊದಲು ಅಲ್ಲಿಯೂ ಹೆಣ್ಣಿನ ಪಾತ್ರ ಗಂಡಸರದೇ, ನಮ್ಮ ಕಂಪನಿ ನಾಟಕಗಳಂತೆ. ಆಮೇಲೆ ಶಾಂಘೈಯಲ್ಲಿ ಸ್ಟುಡಿಯೋಗಳು ಎದ್ದವು. ತಂತಿ ಕಟ್ಟಿಕೊಂಡು ಮಾಳಿಗೆಯಿಂದ ಮಾಳಿಗೆಗೆ ಹಾರುವ ಕತ್ತಿವರಸೆಯ ಹೆಂಗಸರ ಚಿತ್ರಗಳು ಬಂದವು. ಮಾತಿಲ್ಲದ ಆ ಕಾಲದಲ್ಲಿ ಕಣ್ಣಿನಲ್ಲೇ ಎಲ್ಲವನ್ನೂ ಹೇಳುತ್ತಿದ್ದ ಒಬ್ಬ ನಟಿ, ಪತ್ರಿಕೆಗಳು ಅವಳ ಸಂಸಾರದ ವಿಷಯ ಎಳೆದಾಡಿದ್ದಕ್ಕೆ, ಇಪ್ಪತ್ತೈದು ತುಂಬುವ ಮೊದಲೇ ಪ್ರಾಣ ಕಳೆದುಕೊಂಡಳು. ಅವಳ ಶವದ ಹಿಂದೆ ಇಡೀ ನಗರ ನಡೆಯಿತಂತೆ. ಬಳಿಕ ಜಪಾನಿನವರ ಬಾಂಬು ಬಿದ್ದು ಸ್ಟುಡಿಯೋಗಳು ಸುಟ್ಟವು. ಸಿನಿಮಾದವರು ಕ್ಯಾಮೆರಾ ಹೊತ್ತು ಒಳನಾಡಿಗೆ ಓಡಿದರು, ಕೆಲವರು ಹಾಂಗ್‌ಕಾಂಗ್ ಸೇರಿದರು. ಹೊಸ ಸರ್ಕಾರ ಬಂದಮೇಲೆ ಸಿನಿಮಾವನ್ನೇ ಹಳ್ಳಿಗಳಿಗೆ ಹೊತ್ತುಕೊಂಡು ಹೋಗುವ ತಂಡಗಳು ಹೊರಟವು. ಅದರ ಒಂದು ಫೋಟೋ ಇತ್ತು. ಮೂವರು ಹುಡುಗಿಯರು ಪ್ಯಾಂಟು ಮೊಣಕಾಲಿಗೆ ಮಡಚಿ, ಬಿದಿರ ಅಡ್ಡೆಗೆ ಪ್ರೊಜೆಕ್ಟರ್ ಕಟ್ಟಿ ಹೊತ್ತು ಹೊಳೆ ದಾಟುತ್ತಿದ್ದಾರೆ. ಮೂವರೂ ನಗುತ್ತಿದ್ದಾರೆ. ಆ ಫೋಟೋ ನೋಡಿದಾಗ ನನಗೆ ಬಂದ ಹೊಟ್ಟೆಕಿಚ್ಚನ್ನು ಇವತ್ತಿಗೂ ಮರೆತಿಲ್ಲ.

ದಸರಾ ರಜೆಯಲ್ಲಿ ನಾನು ಊರಿಗೆ ಹೋಗಲಿಲ್ಲ. ಕೋಣೆಯಲ್ಲಿ ಕೂತು ಇದನ್ನೆಲ್ಲ ಪೆನ್ಸಿಲಿನಲ್ಲಿ ಬರೆದೆ. ನಮ್ಮಜ್ಜಿಯಿಂದ ಶುರು ಮಾಡಿ, ಹೊಳೆ ದಾಟುವ ಹುಡುಗಿಯರಲ್ಲಿ ಮುಗಿಸಿದೆ. ರಜೆ ಮುಗಿಸಿ ಬಂದ ಅಕ್ಕ ಚಾಪೆಯ ಮೇಲೆ ಕೂತು ಒಂದೇ ಉಸಿರಿಗೆ ಓದಿದಳು. ಓದಿ ಹಾಳೆಗಳನ್ನು ಅಂಚು ಸೇರಿಸಿ ಜೋಡಿಸಿದಳು.

"ಇದ್ನ ಅಚ್ಚಿಗೆ ಕಳುಸ್ಬೇಕು ಕಣೆ."

"ನನ್ ಕನ್ನಡ ಯಾರು ಓದ್ತಾರೆ ಅಕ್ಕ. ಅಕ್ಷರಾನೂ ಕಾಗೆ ಕಾಲು."

"ನಾನು ತಿದ್ದಿ, ನೀಟಾಗಿ ಬರ್ದು ಕೊಡ್ತೀನಿ. ಬೆಂಗ್ಳೂರಲ್ಲಿ ನಮ್ ಸೋದರ್ಮಾವುಂಗೆ ಪತ್ರಿಕೆಯೋರು ಗೊತ್ತು."

ಅವಳ ಅಕ್ಷರ ಮುತ್ತಿನಂತಿತ್ತು. ಎರಡು ವಾರ ಶಾಲೆ ಮುಗಿಸಿ ಬಂದು ದಿನವೂ ಬರೆದಳು. ನಾನು ಅವಳ ಪಾಲಿನ ಅಡಿಗೆ ಮಾಡಿದೆ. ಪ್ರತಿ ಕಳಿಸಿ ಆದಮೇಲೆ ನನ್ನ ಪೆನ್ಸಿಲಿನ ಹಾಳೆಗಳನ್ನು ಕೇಳಿದೆ. "ಅಯ್ಯೋ, ನೀರೊಲೆಗೆ ಹಾಕ್ಬುಟ್ಟೆ ಕಣೆ, ಇನ್ಯಾಕೆ ಬೇಕಿತ್ತು" ಎಂದಳು. ಹೌದಲ್ಲ, ಇನ್ಯಾಕೆ ಎಂದುಕೊಂಡೆ.

ಮೂರು ತಿಂಗಳ ನಂತರ ಒಂದು ಮಧ್ಯಾಹ್ನ ಶಿಕ್ಷಕಿಯರ ಕೋಣೆಯಲ್ಲಿ ಹೆಡ್‌ಮಿಸ್ಟ್ರೆಸ್ ಒಂದು ಮಾಸಪತ್ರಿಕೆ ಹಿಡಿದುಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಎರಡನೇ ಸಾಲಿಗೇ ನನಗೆ ಗೊತ್ತಾಯಿತು. ಓದು ಮುಗಿದಾಗ ಅವರು ಎದ್ದು ಹೋಗಿ ಅಕ್ಕನ ಬೆನ್ನು ತಟ್ಟಿದರು. "ನಮ್ ಸ್ಕೂಲಿಗೇ ಹೆಸ್ರು ತಂದ್ಬುಟ್ಟೆ ಕಣಮ್ಮ."

ಅಕ್ಕ ತಿದ್ದುತ್ತಿದ್ದ ಕಾಪಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಪತ್ರಿಕೆ ಕೈಯಿಂದ ಕೈಗೆ ಬಂದು ನನ್ನನ್ನು ಮುಟ್ಟಿತು. ಲೇಖನದ ಕೆಳಗೆ ಅವಳ ಹೆಸರಿತ್ತು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ.

ಕೋಣೆಗೆ ಬಂದಮೇಲೆ ಅವಳೇ ಮಾತು ತೆಗೆದಳು. "ಅಚ್ಚಿನೋರು ತಪ್ಪು ಮಾಡವ್ರೆ ಕಣೆ. ಅಕ್ಷರ ನಂದಲ್ವಾ, ಅದುಕ್ಕೆ ನಂದೇ ಅಂದ್ಕೊಂಡವ್ರೆ. ಮುಂದಿನ್ ತಿಂಗ್ಳು ತಿದ್ದುಪಡಿ ಹಾಕುಸ್ತೀನಿ ಬುಡು."

ನಾನು ಹೂಂ ಎಂದೆ. ಆದರೆ ಅಷ್ಟರಲ್ಲಿ ನಾನು ಲೇಖನ ಪೂರ್ತಿ ಓದಿದ್ದೆ. ಮೊದಲ ಪುಟದಲ್ಲಿ ತೊಗಲು ಬೊಂಬೆಯವರು ಬರುತ್ತಿದ್ದದ್ದು ಪಾವಗಡದಾಚೆಯ ಹಳ್ಳಿಗಲ್ಲ, ಚನ್ನರಾಯನದುರ್ಗಕ್ಕೆ. ನಮ್ಮಜ್ಜಿಯ ಬಾಯಿಂದ ತೆಲುಗು ಕಿತ್ತುಹಾಕಿ ಅಚ್ಚುಕಟ್ಟಾದ ಕನ್ನಡ ಇಟ್ಟಿದ್ದಳು. ಹೆಸರು ತಪ್ಪಿ ಬೀಳಬಹುದು. ಅಚ್ಚುಮೊಳೆ ಜೋಡಿಸುವವನು ಒಂದು ಊರು ಬಿಟ್ಟು ಇನ್ನೊಂದು ಊರು ಹಾಕಿ, ಅಜ್ಜಿಯ ಭಾಷೆಯನ್ನೂ ಬದಲಾಯಿಸುವುದಿಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳಬೇಕಿತ್ತು. ಅವಳು ಆಗ ಒಲೆಯ ಮುಂದೆ ಕೂತು ನನಗೆ ಇಷ್ಟವೆಂದು ಹುರುಳಿಕಾಳಿನ ಸಾರು ಕುದಿಸುತ್ತಿದ್ದಳು. ನನ್ನ ತಟ್ಟೆಗೇ ಮೊದಲು ಬಡಿಸಿದಳು. ನಾನು ಉಂಡೆ.

ಮುಂದಿನ ತಿಂಗಳು ತಿದ್ದುಪಡಿ ಬರಲಿಲ್ಲ. ಅದರ ಮುಂದಿನ ತಿಂಗಳು ನಾನು ಪತ್ರಿಕೆ ತಿರುವಿ ಹಾಕುವುದನ್ನು ನಿಲ್ಲಿಸಿದೆ.

ಬಂದದ್ದು ಬೇರೆ. ಸ್ನೇಹ ಸಂಘದವರು ಅಕ್ಕನಿಗೆ ಪತ್ರ ಬರೆದು ಭಾಷಣಕ್ಕೆ ಕರೆದರು. ಮಧುಗಿರಿಯಲ್ಲಿ, ಕೊರಟಗೆರೆಯಲ್ಲಿ, ಸಿರಾದಲ್ಲಿ, ಒಮ್ಮೆ ತುಮಕೂರಿನಲ್ಲಿ. ಮೊದಲ ಭಾಷಣದ ಹಿಂದಿನ ದಿನ ಅವಳಿಗೆ ಹೆದರಿಕೆ ಹತ್ತಿತು. "ಯಾರಾದ್ರೂ ಪ್ರಶ್ನೆ ಕೇಳಿದ್ರೆ ಏನೇ ಮಾಡ್ಲಿ" ಎಂದು ನನ್ನ ಕೈ ಹಿಡಿದಳು. ನಾನು ಕೂತು ಹೇಳಿಕೊಟ್ಟೆ. ಶಾಂಘೈ ಯಾವ ದಿಕ್ಕಿಗೆ, ಪೀಕಿಂಗ್ ಯಾವ ದಿಕ್ಕಿಗೆ, ಮಾತಿನ ಚಿತ್ರ ಬಂದಾಗ ಮೂಕಿಚಿತ್ರದ ನಟಿಯರು ಏನಾದರು, ಎಲ್ಲ. ಮಗುವಿಗೆ ಪರೀಕ್ಷೆಗೆ ಹೇಳಿಕೊಟ್ಟ ಹಾಗೆ. ಸೀರೆಯನ್ನೂ ನಾನೇ ಆರಿಸಿದೆ. ಇದನ್ನು ನೆನೆದಾಗ ಅವಳ ಮೇಲಿನದಕ್ಕಿಂತ ನನ್ನ ಮೇಲೆಯೇ ಹೆಚ್ಚು ಸಿಟ್ಟು ಬರುತ್ತದೆ.

ಸಿರಾದ ಭಾಷಣಕ್ಕೆ ನಾನೂ ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ಬೈಂಡಿಂಗ್ ಸಾಹೇಬರ ಪಕ್ಕ ಜಾಗ ಸಿಕ್ಕಿತು. ಅಕ್ಕ ಈಗ ಚೆನ್ನಾಗಿ ಪಳಗಿದ್ದಳು. ನಡುವೆ ಧ್ವನಿ ಇಳಿಸಿ, "ನಮ್ಮಜ್ಜಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದಳು, ನೋಡೇ, ನೆರಳಿಗೆ ಜೀವ ಬಂತು ಎಂದು" ಎಂದಳು. ಸಭೆ ತಲೆದೂಗಿತು. ನಮ್ಮಜ್ಜಿ ಆ ವರ್ಷವೇ ತೀರಿಕೊಂಡಿದ್ದಳು. ಅವಳನ್ನು ಮಣ್ಣು ಮಾಡಿ ಬಂದ ವಾರ ಅಕ್ಕನೇ ನನ್ನನ್ನು ಅಪ್ಪಿಕೊಂಡು ಕೂತಿದ್ದಳು.

ಸಾಹೇಬರು ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು. "ಟೀಚರಮ್ಮ, ಈ ಅಜ್ಜಿ ವಿಷ್ಯ ನೀವು ನಮ್ ಅಂಗ್ಡೀಲಿ ಹೇಳಿದ್ದು ಅಲ್ವಾ?"

"ಹೂಂ ಸಾಹೇಬ್ರೆ."

"ಮತ್ತೆ ಅವ್ರು ಯಾಕೆ ಹೇಳ್ತಾವ್ರೆ?"

"ನಮ್ಮಿಬ್ಬರದೂ ಒಂದೇ" ಎಂದೆ. ಅವರು ನನ್ನನ್ನೊಮ್ಮೆ ನೋಡಿ, ಟೋಪಿ ಸರಿಮಾಡಿಕೊಂಡು ಎದ್ದು ಹೋದರು. ಭಾಷಣ ಮುಗಿಯುವವರೆಗೂ ಕೂರಲಿಲ್ಲ. ನನ್ನ ಪರವಾಗಿ ಯಾರಾದರೂ ಮಾಡಿದ ಪ್ರತಿಭಟನೆ ಅದೊಂದೇ.

ವರ್ಷಗಳು ಕಳೆದವು. ಅಕ್ಕನಿಗೆ ಮದುವೆಯಾಯಿತು, ಕೋಣೆ ಬಿಟ್ಟು ಬೇರೆ ಮನೆ ಮಾಡಿದಳು. ಹಳೆಯ ಹೆಡ್‌ಮಿಸ್ಟ್ರೆಸ್ ನಿವೃತ್ತರಾದಾಗ ಅವಳೇ ಆ ಕುರ್ಚಿಗೆ ಬಂದಳು. ಲೇಖಕಿ, ಭಾಷಣಕಾರ್ತಿ ಎಂಬ ಹೆಸರು ಅದಕ್ಕೆ ನೆರವಾಯಿತು. ಶಾಲೆಯಲ್ಲಿ ನಾನು ಅವಳನ್ನು ಮೇಡಂ ಎನ್ನತೊಡಗಿದೆ. ಅವಳು ಬೇಡ ಎನ್ನಲಿಲ್ಲ.

ಅರವತ್ತೆರಡರ ಕೊನೆಯಲ್ಲಿ ಯುದ್ಧ ಬಂತು. ಶಾಲೆಯ ರೇಡಿಯೋ ಮುಂದೆ ನಿಂತು ಗಡಿಯ ಸುದ್ದಿ ಕೇಳುತ್ತಿದ್ದೆವು. ಹೆಂಗಸರು ಕೈಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ನಾನು ನನ್ನ ಓಲೆ ಕೊಟ್ಟೆ. ಅಣ್ಣತಮ್ಮಂದಿರು ಎಂದು ಮಕ್ಕಳಿಂದ ಹೇಳಿಸಿದ್ದವಳು ನಾನೇ. ಕಳ್ಳಂಬೆಳ್ಳದ ಕಡೆಯ ಒಬ್ಬಳು ನನ್ನ ತರಗತಿಯಲ್ಲಿದ್ದಳು, ಅವಳ ಅಣ್ಣ ಮಿಲಿಟರಿಯಲ್ಲಿದ್ದ. ಅವನಿಂದ ಕಾಗದ ಬಂದು ತಿಂಗಳಾಗಿತ್ತು. ಅವಳು ಒಂದು ದಿನ ಪಾಠದ ನಡುವೆ ಎದ್ದು, "ಆ ಸಿನಿಮಾದಾಗೆ ಬಾವಿ ತೋಡ್ತಿದ್ರಂತಲ್ಲ ಮೇಡಂ, ಅವ್ರೇನಾ ಈಗ ನಮ್ಮಣ್ಣುಂಗೆ ಗುಂಡು ಹೊಡೀತಿರೋದು?" ಎಂದು ಕೇಳಿದಳು. ಅವಳ ದೊಡ್ಡಕ್ಕ ಆ ದಿನ ಗೋದಾಮಿನಲ್ಲಿ ಕೂತಿದ್ದವಳು. ಹೊಳೆ ದಾಟುತ್ತಿದ್ದ ಆ ಮೂವರು ಹುಡುಗಿಯರು ನನಗೆ ಮಾಡಿದ್ದು ಮೋಸವೋ, ಅವರಿಗೂ ಯಾರೋ ಮಾಡಿದ್ದು ಮೋಸವೋ, ಆಗ ಹೊಳೆಯಲಿಲ್ಲ.

ಆ ದಿನಗಳಲ್ಲಿ ಯಾರೋ ಇಲಾಖೆಗೆ ಹೆಸರಿಲ್ಲದ ಅರ್ಜಿ ಹಾಕಿದರು. ಮಧುಗಿರಿಯ ಶಾಲೆಯೊಂದರಲ್ಲಿ ಚೀನಾದ ಗುಣಗಾನ ಮಾಡಿದ ಶಿಕ್ಷಕಿ ಇದ್ದಾರೆ ಎಂದು, ಹಳೆಯ ಪತ್ರಿಕೆಯ ಪುಟ ಲಗತ್ತಿಸಿ ಕಳಿಸಿದ್ದರು. ಯಾರು ಎಂಬುದು ಕೊನೆಗೂ ತಿಳಿಯಲಿಲ್ಲ. ವಿಚಾರಣೆಗೆ ತುಮಕೂರಿನಿಂದ ಒಬ್ಬ ಅಧಿಕಾರಿ ಬಂದರು. ನನಗೆ ಅಕ್ಕನದೇ ಚಿಂತೆಯಾಯಿತು. ಅವಳ ಹೆಸರಲ್ಲವೇ ಇರುವುದು. ಅವಳ ಮಗು ಇನ್ನೂ ಎದೆಹಾಲು ಕುಡಿಯುತ್ತಿತ್ತು. ಆ ಬೆಳಿಗ್ಗೆ ಶಾಲೆಯ ಹಜಾರದಲ್ಲಿ ಅವಳನ್ನು ತಡೆದು, "ಹೆದ್ರುಕೋಬೇಡ ಅಕ್ಕ, ಸಿನಿಮಾ ವಿಷ್ಯ ಬರ್ದಿರೋದು, ಯುದ್ಧದ್ದಲ್ಲ ಅಂತ ನಾನೂ ಹೇಳ್ತೀನಿ" ಎಂದೆ. ಅವಳು ನನ್ನ ಮುಖ ನೋಡದೆ, "ಬಾ, ಕರೀತಾವ್ರೆ" ಎಂದು ಒಳಗೆ ನಡೆದಳು.

ಅಧಿಕಾರಿ ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಕೇಳಿದರು. "ಇದನ್ನು ಬರೆದವರು ನೀವೇ ಅಲ್ಲವೇ ಹೆಡ್‌ಮಿಸ್ಟ್ರೆಸ್ಸಮ್ಮ?"

"ಅಲ್ಲ ಸಾರ್" ಎಂದಳು ಅಕ್ಕ. "ಅಚ್ಚಿನೋರು ತಪ್ಪು ಮಾಡಿ ನನ್ ಹೆಸ್ರು ಹಾಕವ್ರೆ. ನಾನು ಬರೀ ನಕಲು ಮಾಡಿಕೊಟ್ಟೋಳು. ಬರ್ದೋಳು ಇವ್ಳು."

ಹೇಳಿ, ಕೈಚೀಲದಿಂದ ಒಂದು ಕಟ್ಟು ತೆಗೆದು ಮೇಜಿನ ಮೇಲೆ ಇಟ್ಟಳು. ನನ್ನ ಪೆನ್ಸಿಲಿನ ಹಾಳೆಗಳು. ನೀರೊಲೆಗೆ ಹೋಗಿದ್ದವಲ್ಲ, ಅವೇ. ಅಂಚು ಕೂಡ ಮಾಸಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ ಮಡಿಕೆಗಳು ಕಾಣುತ್ತಿದ್ದವು. ಮೊದಲ ಹಾಳೆಯಲ್ಲಿ ಪಾವಗಡದಾಚೆಯ ನಮ್ಮ ಊರು ಇತ್ತು, ತೆಲುಗಿನಲ್ಲಿ ಮಾತಾಡುವ ನಮ್ಮಜ್ಜಿ ಇದ್ದಳು.

ಅಧಿಕಾರಿ ಹಾಳೆಗಳನ್ನು ನನ್ನ ಕಡೆ ತಳ್ಳಿದರು. "ಇದು ನಿಮ್ಮ ಕೈಬರಹವೇನಮ್ಮ?"

ಐದು ವರ್ಷ ನಾನು ಯಾವ ಮಾತಿಗಾಗಿ ಕಾದಿದ್ದೆನೋ ಆ ಮಾತನ್ನು ಅಕ್ಕ ಆಗ ಆಡಿದ್ದಳು. ಬರೆದವಳು ಇವಳು ಎಂದು, ಸಾಕ್ಷಿ ಸಮೇತ. ಹೊಗಳಿಕೆ ಸಿಗುವ ದಿನ ಆಡದ ನಿಜವನ್ನು ಶಿಕ್ಷೆ ಸಿಗುವ ದಿನ ಆಡಿದ್ದಳು. ನನ್ನದಲ್ಲ ಎನ್ನಬಹುದಿತ್ತೇನೋ. ಅವಳ ಅಕ್ಷರದ ಪ್ರತಿ ಪತ್ರಿಕೆಯವರ ಹತ್ತಿರ ಇರುತ್ತದೆ, ಹುಡುಕಿ ಎನ್ನಬಹುದಿತ್ತು. ಆದರೆ ಆ ಹಾಳೆಗಳನ್ನು ಕಂಡ ಕೂಡಲೇ ನನ್ನೊಳಗೆ ಎದ್ದದ್ದು ಸಂತೋಷ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಅದು ಸಂತೋಷವೇ.

"ಹೌದು ಸಾರ್, ನಂದೇ. ಪೂರ್ತಿ ನಂದೇ."

ಅವರು ಕೊನೆಯ ಹಾಳೆ ತಿರುವಿದರು. "ನಮ್ಮಲ್ಲಿಯೂ ಹೆಣ್ಣುಮಕ್ಕಳು ಹೀಗೆ ಪ್ರೊಜೆಕ್ಟರ್ ಹೊತ್ತು ಹಳ್ಳಿಗೆ ಹೋಗುವ ದಿನ ಬರಲಿ ಎಂದು ಬರೆದಿದ್ದೀರಿ. ಇದರ ಅರ್ಥವೇನು?"

"ಅಷ್ಟೇ ಅರ್ಥ ಸಾರ್."

ಅವರು ಕೆಟ್ಟವರಲ್ಲ. "ಕಾಲ ಸರಿಯಿಲ್ಲಮ್ಮ" ಎಂದಷ್ಟೇ ಹೇಳಿ ಬರೆದುಕೊಂಡರು. ಹದಿನೈದು ದಿನದಲ್ಲಿ ನನಗೆ ಎಚ್ಚರಿಕೆಯ ಪತ್ರವೂ ವರ್ಗಾವಣೆಯ ಆದೇಶವೂ ಒಟ್ಟಿಗೆ ಬಂದವು. ಪಾವಗಡ ತಾಲ್ಲೂಕಿನ ವಳ್ಳೂರು, ಒಬ್ಬರೇ ಶಿಕ್ಷಕರಿರುವ ಶಾಲೆ.

ಹೊರಡುವ ಮೊದಲು ಸಿರಾಕ್ಕೆ ಹೋದೆ. ಪೊಲೀಸರು ಕೇಳಿದರೆ ಆ ಮಾಸಿಕಗಳನ್ನು ನಾನೇ ತೆಗೆದುಕೊಂಡು ಹೋದೆನೆಂದು ಹೇಳಲು ಸಾಹೇಬರಿಗೆ ತಿಳಿಸಬೇಕಿತ್ತು. ಅವರು ಅಂಗಡಿಯ ಹಿಂದಿನ ತೊಟ್ಟಿಗೆ ಕರೆದೊಯ್ದು ತೋರಿಸಿದರು. ಕಾಗದವೆಲ್ಲ ನೀರಿನಲ್ಲಿ ನೆನೆದು ಬೂದುಬಣ್ಣದ ಗಂಜಿಯಾಗಿತ್ತು.

"ನಮ್ ಮನೆಯೋರು ಹೆದರ್ಕೊಂಡ್ರು ಟೀಚರಮ್ಮ. ಮೊದ್ಲೇ ನಾವು ಸಾಬರು. ಇದೂ ಸಿಕ್ಕಿದ್ರೆ ಏನಂತಾರೆ. ಮಾಫ್ ಮಾಡಿ."

"ನೀವು ಮಾಡಿದ್ದೇ ಸರಿ ಸಾಹೇಬ್ರೆ" ಎಂದೆ. ಅವರು ನನಗೆ ಚಹಾ ತರಿಸಿ ಕೊಟ್ಟರು. ನನ್ನ ಮುಖ ನೋಡಿ ಕ್ಷಮೆ ಕೇಳಿದವರು ಅವರೊಬ್ಬರೇ. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ.

ವಳ್ಳೂರಿನಲ್ಲಿ ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ನನ್ನ ಹಾಗೆಯೇ. ನನ್ನ ಮಾತಿಗೆ ಯಾರೂ ನಗುತ್ತಿರಲಿಲ್ಲ. ಬೇಸರವಾಗುತ್ತಿದ್ದದ್ದು ಭಾನುವಾರಗಳಲ್ಲಿ. ಓದುವುದಕ್ಕೆ ಪಾವಗಡದ ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುವ ಪತ್ರಿಕೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಾಗ ಅದೇ ಪತ್ರಿಕೆಯಲ್ಲಿ ಚೀನಾದ ಸುದ್ದಿ ಆಗಾಗ ನಾಲ್ಕು ಸಾಲು ಬರುತ್ತಿತ್ತು. ಅಲ್ಲಿ ಹಳೆಯದನ್ನೆಲ್ಲ ಕಿತ್ತೆಸೆಯುವ ದೊಡ್ಡ ಗಲಭೆ ಎದ್ದಿತ್ತು. ಸಿನಿಮಾ ತೆಗೆಯುವುದೇ ಹೆಚ್ಚುಕಡಿಮೆ ನಿಂತಿತ್ತು. ನಾನು ಲೇಖನದಲ್ಲಿ ಮೆಚ್ಚಿ ಬರೆದಿದ್ದ ಕಾಲದ ಚಿತ್ರಗಳನ್ನು ವಿಷದ ಕಳೆ ಎಂದು ಕರೆದು ಪೆಟ್ಟಿಗೆಗೆ ಹಾಕಿದ್ದರಂತೆ. ನಿರ್ದೇಶಕರ, ನಟಿಯರ ಕೊರಳಿಗೆ ಹಲಗೆ ತೂಗುಹಾಕಿ ಬೀದಿಯಲ್ಲಿ ನಡೆಸಿದರಂತೆ. ಜೊತೆಯಲ್ಲಿ ದುಡಿದವರೇ ಎದ್ದು ನಿಂತು, ಇವರು ಹಿಂದೆ ಇಂಥದ್ದು ಹೇಳಿದ್ದರು, ಇಂಥದ್ದು ಬರೆದಿದ್ದರು ಎಂದು ಸಾಕ್ಷಿ ಹೇಳಬೇಕಾಗಿತ್ತಂತೆ. ಶಾಲೆಯ ಜಗಲಿಯ ಮೇಲೆ ಕೂತು ಅದನ್ನು ಎರಡು ಸಲ ಓದಿದೆ. ಅಲ್ಲಿ ಎಷ್ಟು ಜನ ಅಕ್ಕಂದಿರು ಎಷ್ಟು ಜನ ತಂಗಿಯರ ಹಾಳೆಗಳನ್ನು ಮೇಜಿನ ಮೇಲೆ ಇಟ್ಟಿರಬೇಕು ಎನಿಸಿತು. ನನಗೆ ಆದದ್ದು ಅವರದರ ಮುಂದೆ ಏನೂ ಅಲ್ಲ. ಆದರೂ ಹಾಗಂದುಕೊಂಡರೆ ನೋವು ಕಡಿಮೆಯಾಗಲಿಲ್ಲ.

ಅದಾದ ಮರುವರ್ಷ ಅಕ್ಕ ವಳ್ಳೂರಿಗೆ ಬಂದಳು. ಬಡ್ತಿಯಾಗಿ ಶಾಲೆಗಳ ತಪಾಸಣೆ ಮಾಡುವ ಹುದ್ದೆಗೆ ಏರಿದ್ದಳು. ಬರುವ ವಿಷಯ ಮೊದಲೇ ಪತ್ರದಲ್ಲಿ ತಿಳಿದಿತ್ತು. ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಮಕ್ಕಳಿಗೆ ಮಗ್ಗಿ ಕೇಳಿದಳು, ಹಾಜರಿ ಪುಸ್ತಕ ನೋಡಿದಳು. ಊಟದ ಹೊತ್ತಿಗೆ ನಾವಿಬ್ಬರೇ ಆದೆವು. ರಾಗಿ ಮುದ್ದೆ, ಸೊಪ್ಪಿನ ಸಾರು ಮಾಡಿದ್ದೆ. ಅವಳು ಎರಡನೇ ಸಲ ಸಾರು ಹಾಕಿಸಿಕೊಂಡಳು. ಮಗನ ಓದು, ಗಂಡನ ಕಾಯಿಲೆ ಹೇಳಿದಳು. ಹಳೆಯದನ್ನು ಎತ್ತಲಿಲ್ಲ. ಕೈ ತೊಳೆಯಲು ನೀರು ಹಾಕುವಾಗ ನಾನೇ ಕೇಳಿದೆ.

"ಆ ಹಾಳೆಗಳ್ನ ಒಲೆಗೆ ಹಾಕ್ದೆ ಅಂದಿದ್ದೆ. ಯಾಕೆ ಇಟ್ಕೊಂಡಿದ್ದೆ ಅಕ್ಕ?"

ಅವಳು ಸೆರಗಿನ ತುದಿಗೆ ಒಂದೊಂದೇ ಬೆರಳು ಒರೆಸಿಕೊಂಡಳು.

"ಹಾಕೋಣ ಅಂತ ಒಲೆ ಮುಂದೆ ಕೂತಿದ್ದೆ ಕಣೆ. ಮನ್ಸು ಬರ್ಲಿಲ್ಲ. ಅಷ್ಟು ಚೆನ್ನಾಗಿ ಬರ್ದಿದ್ದೆ ನೀನು."

ಅವಳು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಗೊತ್ತಾಯಿತು. ಸುಳ್ಳಾಗಿದ್ದರೆ ಎಷ್ಟೋ ಸುಲಭವಿತ್ತು. ಬರೆದದ್ದನ್ನು ಅಷ್ಟು ಮೆಚ್ಚಿದವಳೇ ಬರೆದವಳನ್ನು ಎರಡು ಸಲ ಕೈಬಿಟ್ಟಳು ಎಂಬುದನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ.

"ಅದೊಂದು ಮಾತು ಆಗ್ಲೇ ಹೆಡ್‌ಮಿಸ್ಟ್ರೆಸ್ಸಮ್ಮನ ಮುಂದೆ ಹೇಳಿದ್ದಿದ್ರೆ ಸಾಕಿತ್ತು ಅಕ್ಕ."

"ಹೂಂ" ಎಂದಳು. "ಆಗ ಹೇಳಕ್ಕೆ ಆಗ್ಲಿಲ್ಲ. ಯಾಕೆ ಅಂತ ಕೇಳ್ಬೇಡ." ಆಮೇಲೆ, "ನಿನ್ನ ಮಧುಗಿರಿಗೆ ವಾಪಸ್ ಹಾಕುಸ್ಲಾ? ನನ್ ಕೈಲಿ ಆಗ್ತೈತೆ ಈಗ" ಎಂದಳು.

"ಬ್ಯಾಡ. ಇಲ್ಲೇ ಇರ್ತೀನಿ."

ಅವಳು ತಪಾಸಣೆಯ ಪುಸ್ತಕದಲ್ಲಿ, ಬೋಧನೆ ತೃಪ್ತಿಕರ, ಮಕ್ಕಳ ಉಚ್ಚಾರಣೆ ಸುಧಾರಿಸಬೇಕು ಎಂದು ಅದೇ ದುಂಡು ಅಕ್ಷರದಲ್ಲಿ ಬರೆದು ಸಹಿ ಹಾಕಿದಳು. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ನಿಲ್ಲುವ ಜಾಗ ದೂರವಿರಲಿಲ್ಲ. ಬಾಗಿಲ ಹತ್ತಿರ ತಿರುಗಿ, ನಾನು ಜೊತೆಗೆ ಬರುತ್ತೇನೇನೋ ಎಂದು ನೋಡಿದಳು. ಮೂರನೇ ತರಗತಿಯವರಿಗೆ ಉಕ್ತಲೇಖನ ಕೊಡಬೇಕಿತ್ತು. ನಾನು ಸ್ಲೇಟುಗಳನ್ನು ಹಂಚತೊಡಗಿದೆ.